ಅಂಜನಮ್ಮನ ಊದುಗೊಳವೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಅಂಜನಮ್ಮನ ನಾಲಿಗೆಗೆ ಜಗ್ಗದಿದ್ದುದು ಎರಡೇ: ಮಗ್ಗ ಮತ್ತು ಗಂಡ ರಾಮಲಿಂಗಯ್ಯ. ಮಗ್ಗಕ್ಕೆ ಕಿವಿಯಿಲ್ಲ. ರಾಮಲಿಂಗಯ್ಯನಿಗೆ ಮಗ್ಗದ ಸದ್ದಿನಲ್ಲೇ ಅರ್ಧ ಕಿವಿ ಹೋಗಿತ್ತು. ಉಳಿದರ್ಧವನ್ನು ಹೆಂಡತಿಗೆ ಕೊಡಬಾರದೆಂದು ಅವನೇ ತೀರ್ಮಾನಿಸಿದ್ದ.

ಹದಿನಾರಕ್ಕೆ ಸೊಸೆಯಾಗಿ ಬಂದವಳು ಇಪ್ಪತ್ತು ವರ್ಷ ಕಂಡಿಕೆ ಸುತ್ತಿದಳು. ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು. ನೇಯ್ದವನಿಗೆ ಸೀರೆಯ ಹೆಸರು ಬರುತ್ತದೆ, ಕಂಡಿಕೆ ಸುತ್ತಿದವಳಿಗೆ ಸೊಂಟನೋವು ಬರುತ್ತದೆ. ಬಚ್ಚಲ ಬಾಗಿಲ ಪಕ್ಕ, ನೆಲದ ಮೇಲೆ, ಸೈಕಲ್ ಚಕ್ರದ ರಾಟೆಯ ಮುಂದೆ ಅವಳ ಜಾಗ. ಹೋಗಿಬರುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ದಾಟುವಾಗ ಯಾರೂ ಕಾಲು ನೋಡಿಕೊಳ್ಳುತ್ತಿರಲಿಲ್ಲ.

ತೊಂಬತ್ತಮೂರನೇ ಇಸವಿಯಲ್ಲಿ ಬಾಶೆಟ್ಟಿಹಳ್ಳಿಯಲ್ಲಿ ಗೋಪಾಲಪ್ಪ ಎಂಬಾತ ಒಂದು ಶೆಡ್ ಹಾಕಿದ. ಬೆಂಗಳೂರಿನ ಶಾಲೆಗಳ ವಿಜ್ಞಾನ ಸಂಘಗಳಿಗೆ ರಾಕೆಟ್ಟಿನ ಡಬ್ಬಿ ಮಾಡುವ ಕಸುಬು. ಡಬ್ಬಿಯಲ್ಲಿ ರಟ್ಟಿನ ಕೊಳವೆ, ಚೂಪು ಮೂತಿ, ಮೂರು ರೆಕ್ಕೆ, ಮೇಲಿನಿಂದ ಮೆಲ್ಲಗೆ ಇಳಿಸಲು ಬಟ್ಟೆಯ ಒಂದು ಕೊಡೆ. ಮದ್ದಿನ ಮೋಟರು ಮಾತ್ರ ಲೈಸೆನ್ಸಿನ ಕಾರ್ಖಾನೆಯಿಂದ ಮೊಹರಾಗಿ ಬರುತ್ತಿತ್ತು. ನೇಕಾರ ಹೆಂಗಸರ ಬೆರಳಿಗೆ ದಾರ ಸಿಕ್ಕಾಗುವುದಿಲ್ಲವೆಂದು ಗೋಪಾಲಪ್ಪ ಅವರಲ್ಲಿ ಎಂಟು ಮಂದಿಯನ್ನು ಕರೆದುಕೊಂಡ. ಅಂಜನಮ್ಮ ಹೋದಳು. ಹೆಂಗಸರ ಮೇಲೊಬ್ಬ ಗಂಡಸು ಬೇಕಲ್ಲ, ರಾಮಲಿಂಗಯ್ಯನೂ ಹೋದ.

ಅಲ್ಲಿ ಅಂಜನಮ್ಮನಿಗೊಂದು ಮರದ ಕುರ್ಚಿ ಸಿಕ್ಕಿತು. ಬೆನ್ನಿಗೆ ಆಸರೆಯಿದ್ದ ಕುರ್ಚಿ. ಮೊದಲ ದಿನ ಅದರಲ್ಲಿ ಕೂತಾಗ ಪಕ್ಕದ ಜ್ಯೋತಿಲಕ್ಷ್ಮಿಗೆ, "ಸತ್ರೂ ಇನ್ನ ನೆಲಕ್ಕೆ ಇಳಿಯಲ್ಲ ಕಣೇ" ಎಂದಿದ್ದಳು.

ಸಣ್ಣ ರಾಕೆಟ್ಟುಗಳು ಸಲೀಸಾಗಿ ಹಾರಿದವು. ತಕರಾರು ಬಂದದ್ದು ತೋಳುದ್ದದ, ದಪ್ಪ ಹೊಟ್ಟೆಯ ರಾಕೆಟ್ಟಿನಲ್ಲಿ. ಮೋಟರು ಉರಿದು ಮುಗಿದ ಮೇಲೆ ಕೊನೆಗೊಂದು ಸಲ ಮುಂದಕ್ಕೆ ಬುಸ್ಸೆಂದು ಹೊಗೆ ಉಗುಳುತ್ತದೆ. ಆ ಹೊಗೆಯೇ ಮೂತಿಯನ್ನು ತಳ್ಳಿ ಕೊಡೆಯನ್ನು ಹೊರಗೆ ಹಾಕಬೇಕು. ಅಗಲ ಹೊಟ್ಟೆಯಲ್ಲಿ ಹೊಗೆ ಚದುರಿ ಸತ್ವ ಕಳೆದುಕೊಳ್ಳುತ್ತಿತ್ತು. ಮೂತಿ ಕಳಚುತ್ತಿರಲಿಲ್ಲ, ಕಳಚಿದರೂ ಅಷ್ಟರಲ್ಲಿ ಕಿಡಿ ತಾಗಿ ಕೊಡೆ ಸುಟ್ಟ ಬದನೆಕಾಯಿ ಆಗಿರುತ್ತಿತ್ತು.

ಗೋಪಾಲಪ್ಪ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ನೋಡ್ರಮ್ಮಾ, ಭಾನುವಾರ ಬೆಂಗಳೂರಿನ ಅಂಗಡಿಯೋರು ಬರ್ತಾರೆ. ಇದನ್ನ ಸರಿಮಾಡಿದೋರಿಗೆ ಒಂದು ಖಾಯಂ ಜಾಗ. ಮಿಕ್ಕೋರು ಈ ತಿಂಗಳು ಕಳೆದ್ಮೇಲೆ ಮನೆಗೆ."

ಮಾರನೆಯ ಬೆಳಗ್ಗೆ ಒಲೆಯ ಹಸಿ ಸೌದೆಗೆ ಊದುಗೊಳವೆ ಇಟ್ಟು ಊದುತ್ತಿದ್ದಾಗ ಅಂಜನಮ್ಮನಿಗೆ ಹೊಳೆಯಿತು. ಬರೀ ಬಾಯಲ್ಲಿ ಊದಿದರೆ ಬೂದಿ ಕಣ್ಣಿಗೆ. ಕೊಳವೆಯಲ್ಲಿ ಊದಿದರೆ ಉಸಿರು ಹೇಳಿದ ಕಡೆಗೇ ಹೋಗುತ್ತದೆ. ನೂಲು ಸುತ್ತಿ ಬರುವ ಕಾಗದದ ಕೊಳವೆಯೊಂದನ್ನು ಸೆರಗಲ್ಲಿ ಕಟ್ಟಿಕೊಂಡು ಹೋದಳು. ರಾಕೆಟ್ಟಿನ ಹೊಟ್ಟೆಯ ನಟ್ಟನಡುವೆ ಅದನ್ನು ನಿಲ್ಲಿಸಿ, ಮೇಲೆ ಕೆಳಗೆ ರಟ್ಟಿನ ಬಳೆ ತೊಡಿಸಿ ಅಂಟಿಸಿದಳು. ಹೊಗೆ ಇನ್ನು ಅಗಲಕ್ಕೆ ಹರಡುವಂತಿಲ್ಲ, ಸಣ್ಣ ಕೊಳವೆಯಲ್ಲೇ ನುಗ್ಗಬೇಕು. ಕೊಳವೆಯ ತುದಿಗೆ ಎದುರಾಗಿ ಒಂದು ಬಿಲ್ಲೆ, ಬಿಲ್ಲೆಯ ಅಂಚಿನಲ್ಲಿ ತೂತುಗಳು: ಕಿಡಿ ಬಿಲ್ಲೆಗೆ ಬಡಿದು ಅಲ್ಲೇ ಸಾಯಲಿ, ಗಾಳಿ ಸುತ್ತಿಕೊಂಡು ಕೊಡೆಯ ಕಡೆ ಹೋಗಲಿ.

ಶುಕ್ರವಾರ ಶೆಡ್ಡಿನ ಹಿಂದೆ ಹಾರಿಸಿದರು. ಕೊಡೆ ಮಲ್ಲಿಗೆಯಂತೆ ಅರಳಿತು. ಜ್ಯೋತಿಲಕ್ಷ್ಮಿ ಚಪ್ಪಾಳೆ ತಟ್ಟಿದಳು. ಅಂಜನಮ್ಮ ಕೈ ತೊಳೆದು ಬರುವಷ್ಟರಲ್ಲಿ ರಾಮಲಿಂಗಯ್ಯ ರಾಕೆಟ್ಟು ಹಿಡಿದು ಗೋಪಾಲಪ್ಪನ ಮುಂದೆ ನಿಂತಿದ್ದ.

"ಮೂರು ದಿನ ತಲೆ ಕೆಡಿಸ್ಕೊಂಡೆ ಸಾರ್, ಆಮೇಲೆ ಹೊಳೀತು."

"ಅದು ನಾನು ಮಾಡಿದ್ದು," ಎಂದಳು ಅಂಜನಮ್ಮ ಬಾಗಿಲಲ್ಲೇ.

ರಾಮಲಿಂಗಯ್ಯ ತಿರುಗಿಯೂ ನೋಡಲಿಲ್ಲ. "ಕೇಳಿದ್ರಾ ಸಾರ್? ಕಂಡಿಕೆ ಸುತ್ತೋಳು ರಾಕೆಟ್ ಮಾಡಿದ್ಲಂತೆ! ನಾಳೆ ವಿಮಾನ ಓಡಿಸ್ತೀನಿ ಅಂತಾಳೆ, ರೆಡಿ ಇರಿ."

ಗೋಪಾಲಪ್ಪ ನಕ್ಕ. ಯಜಮಾನ ನಕ್ಕಿದ್ದಕ್ಕೆ ಹೆಂಗಸರು ನಕ್ಕರು. ಕೊಳವೆ ಅಂಟಿಸುವಾಗ ಬಿಲ್ಲೆ ಹಿಡಿದುಕೊಂಡಿದ್ದ ಜ್ಯೋತಿಲಕ್ಷ್ಮಿಯೂ ನಕ್ಕಳು. ಅವಳ ಕುರ್ಚಿಯೂ ಅಳ್ಳಾಡುತ್ತಿತ್ತಲ್ಲ.

ಶನಿವಾರ ರಾಮಲಿಂಗಯ್ಯನಿಗೆ ನೇಕಾರನ ಪ್ರತಿಷ್ಠೆ ತಲೆಗೇರಿತು. ಬೆಂಗಳೂರಿನವರ ಮುಂದೆ ಮುದುರಿದ ಬಟ್ಟೆಯೇ? ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚಿ ಬೆಳೆದ ಕೈ ಅದು. ಹೊಸ ಕೊಡೆಯನ್ನು ಅಕ್ಕಿಗಂಜಿಯಲ್ಲಿ ಅದ್ದಿ, ಇನ್ನೂ ತೇವ ಇರುವಾಗಲೇ ಸೀರೆ ಮಡಿಸುವ ಹಾಗೆ ಗೆರೆ ತೆಗೆದು ಮಡಿಸಿ, ಮೇಲೆ ಕಬ್ಬಿಣದ ತುಂಡು ಹೇರಿ ಇಟ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜಾಯಮಾನ.

ಭಾನುವಾರ ಕೆರೆಯಂಗಳದಲ್ಲಿ ಜನ ಸೇರಿದರು. ರಾಕೆಟ್ಟಿಗೆ ಕೊಡೆ ತುಂಬಲು ಎತ್ತಿಕೊಂಡ ಅಂಜನಮ್ಮನ ಬೆರಳಿಗೇ ಗೊತ್ತಾಯಿತು. ಮಡಿಕೆಗೆ ಮಡಿಕೆ ಹಪ್ಪಳದಂತೆ ಹಿಡಿದುಕೊಂಡಿತ್ತು.

"ರೀ, ಇದು..."

"ಮುಚ್ಚು ಬಾಯಿ. ಬಂದೋರಿಗೆ ಕಾಫಿ ಕೊಡೋಗು."

ಅಂಜನಮ್ಮ ಬಾಯಿ ಮುಚ್ಚಿದಳು. ಗಂಡನ ಮಾತನ್ನು ಹೇಳಿದ ಹಾಗೆಯೇ ಪಾಲಿಸಿದ್ದು ಜನ್ಮದಲ್ಲಿ ಅದೇ ಮೊದಲು. ಕಾಫಿ ಕೊಟ್ಟು, ಬದುವಿನ ಮೇಲೆ ನಿಂತು, ಬೀಳುವುದನ್ನು ನೋಡಲು ಸೆರಗು ಹೊದ್ದುಕೊಂಡಳು.

ರಾಕೆಟ್ಟು ಸುಯ್ಯೆಂದು ಏರಿತು. ಮೇಲೆ ಹೋಗಿ ಸೊಟ್ಟಗೆ ಬಾಗಿದಾಗ 'ಟಪ್' ಎಂದು ಮೂತಿ ಕಳಚಿತು. ಹೊರಬಂದ ಕೊಡೆ ಮಡಿಸಿದ ಕರವಸ್ತ್ರದಂತೆ ದಾರದ ತುದಿಯಲ್ಲಿ ತೂಗಾಡುತ್ತ, ಬಿಚ್ಚಿಕೊಳ್ಳದೆ, ರಾಕೆಟ್ಟಿನ ಜೊತೆಯಲ್ಲೇ ಒಣಗಿದ ಕೆಸರಿಗೆ ಬಂದು ಅಪ್ಪಳಿಸಿತು. ರೆಕ್ಕೆ ಮುರಿಯಿತು, ಕೊಳವೆ ಸೀಳಿತು.

ಅಂಗಡಿಯವನು ಗೋಪಾಲಪ್ಪನ ಮುಖ ನೋಡಿದ. ಗೋಪಾಲಪ್ಪ ರಾಮಲಿಂಗಯ್ಯನ ಮುಖ ನೋಡಿದ. ರಾಮಲಿಂಗಯ್ಯ ಬದುವಿನ ಕಡೆ ಕೈ ಮಾಡಿದ.

"ಒಳಗಿನ ಕೊಳವೆ ಇವಳದು ಸಾರ್! ಎಲ್ಲಾ ಇವಳೇ ಮಾಡಿದ್ದು. ಹೆಂಗಸಿನ ಮಾತು ಕಟ್ಕೊಂಡು ಕೆಟ್ಟೆ."

ಶುಕ್ರವಾರದಿಂದ ಅಂಜನಮ್ಮ ಕಾದಿದ್ದ ಮಾತು ಅದು. ಬಂದದ್ದು ಹೀಗೆ. ಅವಳು ಕೆರೆಯಂಗಳಕ್ಕೆ ಇಳಿದು ಕೊಡೆಯನ್ನೆತ್ತಿ ಅಂಗಡಿಯವನ ಮುಂದೆ ಹಿಡಿದಳು.

"ಹೌದು, ಕೊಳವೆ ನಂದೇ. ಸುಟ್ಟಿದೆಯಾ ನೋಡಿ. ಒಂದು ಚುಕ್ಕೆ ಮಸಿ ಇದ್ರೆ ತೋರ್ಸಿ."

ಬಟ್ಟೆ ಹಾಲಿನಂತೆ ಬೆಳ್ಳಗಿತ್ತು. ಅವನು ಮಡಿಕೆ ಬಿಡಿಸಲು ಎಳೆದ. ಪರ್ರೆಂದು ಗಂಜಿ ಕಿತ್ತುಬಂತು. ಮೂಸಿ ನೋಡಿದ. ನಗು ಬಂತು. "ಗೋಪಾಲಪ್ಪ, ಗ್ಯಾಸ್ ಹೋಗೋ ದಾರಿ ಫಸ್ಟ್‌ಕ್ಲಾಸಾಗಿದೆ. ಗಂಜಿ ಯಾವೋನು ಹಾಕಿದ್ದು? ಅದೊಂದು ಬಿಟ್ಟು ಕಳಿಸಿ, ಐನೂರು ಡಬ್ಬಿ ತಗೋತೀನಿ."

ಗೋಪಾಲಪ್ಪನಿಗೆ ಜೀವ ಬಂತು. ಅಂಜನಮ್ಮನ ಕಡೆ ತಿರುಗಿದ. ಆ ಕ್ಷಣಕ್ಕೆ ಕುರ್ಚಿ ಅವಳದೇ ಆಗಿತ್ತು. "ಬಟ್ಟೆ ತುಂಬಿದ್ದು ನೀನಲ್ವಾ? ಗಂಜಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ?"

"ಬೀಳ್ಲಿ ಅಂತ ಬಿಟ್ಟೆ."

ಸುಳ್ಳು ಹೇಳಬಹುದಿತ್ತು. ಬಾಯಿ ಮುಚ್ಚಿಸಿದರು ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಗಂಡನನ್ನು ಬೀಳಿಸಿದ್ದು ತಾನೇ ಎಂಬ ಹೆಮ್ಮೆಯನ್ನೂ ಅವನಿಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಗೋಪಾಲಪ್ಪ ಲೋಟ ಕೆಳಗಿಟ್ಟ. "ತಿಳೀದೆ ತಪ್ಪು ಮಾಡಿದೋನಿಗೆ ಬೈದು ಬುದ್ಧಿ ಹೇಳ್ಬೋದು. ಗೊತ್ತಿದ್ದೂ ನನ್ನ ಮಾನ ಕಳೆದೋಳನ್ನ ಒಳಗೆ ಇಟ್ಕೊಳ್ಳಕ್ಕಾಗಲ್ಲ. ನಾಳೆಯಿಂದ ಬರ್ಬೇಡ. ರಾಮಲಿಂಗಯ್ಯಾ, ಈ ಕೊಳವೆ ಇದ್ದ ಹಾಗೇ ಇರ್ಲಿ. ಗಂಜಿ ಮುಟ್ಟಿದ್ರೆ ಕೈ ಮುರೀತೀನಿ."

ಖಾಯಂ ಜಾಗ ರಾಮಲಿಂಗಯ್ಯನಿಗಾಯಿತು. ಅಂಜನಮ್ಮ ಸೋಮವಾರ ಬಚ್ಚಲ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಅತ್ತೆ ಅಮ್ಮಯಮ್ಮ ದಾಟುವಾಗ, "ವಿಮಾನ ಇಳೀತಾ?" ಎಂದು ಕೇಳಿದಳು.

ಎರಡು ತಿಂಗಳು ಕಳೆಯಿತು. ಅಂಗಡಿಯವನು ಇನ್ನೂ ದೊಡ್ಡ ರಾಕೆಟ್ಟು ಕೇಳಿದ. ಕೊಳವೆಯ ದಪ್ಪ ಎಷ್ಟಿರಬೇಕು, ಬಿಲ್ಲೆಗೆ ತೂತು ಎಷ್ಟು, ರಾಮಲಿಂಗಯ್ಯನಿಗೆ ಒಂದೂ ಬಗೆಹರಿಯಲಿಲ್ಲ. ಮೂರು ಕೊಡೆ ಸುಟ್ಟ. ನಾಲ್ಕನೆಯದು ಸುಟ್ಟರೆ ಜಾಗ ಹೋಗುತ್ತದೆಂದು ಗೋಪಾಲಪ್ಪ ಹೇಳಿದ ದಿನ ಮಧ್ಯಾಹ್ನವೇ ಮನೆಗೆ ಬಂದ. ಅಮ್ಮಯಮ್ಮ ಸಂತೆಗೆ ಹೋಗಿದ್ದಳು.

"ಲೇ, ಆ ತೂತಿನ ಲೆಕ್ಕ ಹೇಳು."

ಅಂಜನಮ್ಮ ಎದ್ದು, ರಾಟೆಯ ಮುಂದಿನ ಜಾಗ ತೋರಿಸಿದಳು. "ಕೂತ್ಕೊಂಡು ಸುತ್ತಿ. ಹೇಳ್ತೀನಿ."

"ಗಂಡಸು ಕಂಡಿಕೆ ಸುತ್ತೋದಾ?"

"ಹಂಗಾದ್ರೆ ನಿಮಗೇ ಹೊಳೀಲಿ ಬಿಡಿ. ಮೂರು ದಿನ ತಲೆ ಕೆಡಿಸ್ಕೊಳ್ಳಿ."

ರಾಮಲಿಂಗಯ್ಯ ಬೀದಿಯ ಕಡೆ ನೋಡಿದ. ಹೋಗಿ ಬಾಗಿಲು ಮುಂದೆ ಮಾಡಿ ಬಂದು, ಪಂಚೆ ಮುದುರಿಕೊಂಡು ನೆಲಕ್ಕೆ ಕೂತು ರಾಟೆಗೆ ಕೈ ಹಾಕಿದ. ಹತ್ತು ಕಂಡಿಕೆ ತುಂಬುವ ತನಕ ಅಂಜನಮ್ಮ ನಿಂತು ಎಣಿಸಿದಳು. ಆಮೇಲೆ ಕೊಳವೆಯ ದಪ್ಪ ಹೇಳಿದಳು. ತೂತಿನ ಲೆಕ್ಕ ಹೇಳಲಿಲ್ಲ. ಹೋಗಿ, ಮುಚ್ಚಿದ್ದ ಬಾಗಿಲನ್ನು, ರಾಟೆಯ ಮುಂದೆ ಕೂತ ಗಂಡ ಬೀದಿಗೆ ಕಾಣುವ ಹಾಗೆ ಪೂರಾ ತೆರೆದಳು.