ಫೋನಿನೊಳಗಿನ ಹಗೇವು

ಶಹಾಪುರದ ಬಸ್‌ ನಿಲ್ದಾಣದ ಹಿಂದೆ ಮೊಬೈಲ್ ರಿಪೇರಿ ಮಾಡುತ್ತಿದ್ದವರೊಬ್ಬರು ಮಾತಿಗೆ ಮೊದಲು ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಗಿರಾಕಿ ಗೊಂದಲಕ್ಕೆ ಬಿದ್ದರೆ ಅವರಿಗೆ ಸಂಭ್ರಮ. "ತಪ್ಪು ನಿಮ್ದಲ್ರಿ, ಹೆಸರಿಟ್ಟಾಂವಂದು!" ಎನ್ನುತ್ತಿದ್ದರು.

ಅವ್ವನ ಫೋನು ನೀರಿಗೆ ಬಿದ್ದು ಕೆಟ್ಟಾಗ ಅವಳನ್ನು ಅವರ ಅಂಗಡಿಗೆ ಕರೆದೊಯ್ದೆ. ತೀರಿಹೋದ ಚಿಗವ್ವನ ಫೋಟೊಗಳೆಲ್ಲ ಅದರಲ್ಲಿದ್ದವು. "ಅವು ಕ್ಲೌಡಿನ್ಯಾಗ ಅದಾವ, ಅಂದ್ರ ಮೋಡದಾಗ," ಎಂದು ನಾನು ಸಮಾಧಾನ ಹೇಳಿದೆ.

"ನಮ್ಮೂರಾಗ ಮೋಡ ಎಂದಾರ ನಿಂತಾವೇನು?" ಅವ್ವ ಕಣ್ಣೊರೆಸಿಕೊಂಡಳು.

ಸ್ಕ್ರೂಡ್ರೈವರ್ ಕಿವಿಗೇರಿತು. "ತಪ್ಪು ನಿಮ್ದಲ್ರಿ, ಯವ್ವಾ! ಅದಕ್ಕ ಹಗೇವು ಅನಬೇಕಿತ್ತು. ನೆಲದಾಗ ಕುಣಿ ತೋಡಿ, ಜ್ವಾಳ ತುಂಬಿ, ಕಲ್ಲು ಮುಚ್ಚತಿದ್ರಲ್ರಿ? ಹಂಗ ಫೋಟೊ ಬ್ಯಾರೆ ಕಡಿ ಜ್ವಾಕಿ ಅದಾವ. ಪಾಸ್‌ವರ್ಡ್ ಅಂದ್ರ ಹಗೇವಿನ ಬಾಯಿಗಿಟ್ಟ ಕಲ್ಲು."

ಅವ್ವನಿಗೆಂದು ಕೊಂಡ ಹೊಸ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಮತ್ತೆ ಮತ್ತೆ ಒತ್ತಲು ಹೋದ ನನ್ನ ಕೈಯನ್ನು ಅವ್ವ ಹಿಡಿದಳು.

"ಹಗೇವು ತೆರದಕೂಡ್ಲೆ ಇಳಿಬಾರ್ದು, ಉಸಿರು ಕಟ್ಟತದ. ಗಾಳಿ ಆಡ್ಲಿ, ತಡಿ."

ರಿಪೇರಿಯವರು ಸ್ಟೂಲಿನಿಂದ ಎದ್ದೇ ನಿಂತರು. ಪರದೆಯಲ್ಲಿ ಚಿಗವ್ವ ನಗುತ್ತ ಬಂದಾಗ ಅವರು ನೋಡುತ್ತಿದ್ದದ್ದು ಅವ್ವನನ್ನು.

ಅಂದಿನಿಂದ ಆ ಅಂಗಡಿಯಲ್ಲಿ ಯಾರ ಫೋನಿನಲ್ಲಿ ಚಕ್ರ ಸುತ್ತಿದರೂ ಒಂದೇ ಮಾತು: "ಗಾಳಿ ಆಡ್ಲಿ, ತಡೀರಿ!"