ಕೋಟೆ ತೋರಿಸುವ ನಮ್ಮ ಅತ್ತಿಗೆ

ನಮ್ಮ ಅತ್ತಿಗೆಗೆ ಊರಿನವರು ಇಟ್ಟ ಹೆಸರು 'ಕಹಳೆ'. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಅತ್ತಿಗೆಯೂ ಬೇಸರವಿಲ್ಲದೆ 'ಓ' ಎನ್ನುತ್ತಿದ್ದರು. ಆ 'ಓ' ಎರಡು ಬೀದಿ ದಾಟಿ ಕೇಳಿಸುತ್ತಿತ್ತು.

ಊರಿನ ತುದಿಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಬಂಡೆಯ ಮೇಲೆ ಹಳೆಯ ಕೋಟೆಯೊಂದಿದೆ. ಪಕ್ಕದಲ್ಲಿ ದೀಪಸ್ತಂಭ, ಅದರ ಕೆಳಗೆ ಕಪ್ಪು ಕಲ್ಲುಗಳ ಸಣ್ಣ ದಂಡೆ, ಆಚೆಗೆ ಹಳೆಯ ಬಂದರಿನ ಉಗ್ರಾಣ. ಉಗ್ರಾಣವನ್ನು ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನೋಡಲು ಬಂದವರಿಗೆ ಇಷ್ಟನ್ನೂ ಸುತ್ತಿಸಿ, ಕಥೆ ಹೇಳಿ ಕಳಿಸುವುದು ಅತ್ತಿಗೆಯ ಕೆಲಸ. ಅವರು ಹೆಬ್ಬಾಗಿಲಲ್ಲಿ ನಿಂತು "ಎಲ್ಲರೂ ಈ ಕಡೆ ಬನ್ನೀ" ಎಂದರೆ ದೀಪಸ್ತಂಭದ ಬುಡದಲ್ಲಿ ಫೋಟೊ ತೆಗೆಯುತ್ತಿದ್ದವರೂ ದಡಬಡನೆ ಓಡಿಬರುತ್ತಿದ್ದರು. ಗಾಳಿ ಎಷ್ಟೇ ಬೀಸಲಿ, ಅಲೆ ಎಷ್ಟೇ ಅಬ್ಬರಿಸಲಿ, ಬುರುಜಿನ ನೆತ್ತಿಯಲ್ಲಿ ನಿಂತ ಅತ್ತಿಗೆಯ ಒಂದು ಮಾತೂ ನೀರುಪಾಲಾಗುತ್ತಿರಲಿಲ್ಲ.

ಅಂಥ ದನಿ ಒಂದು ಬೇಸಿಗೆಯಲ್ಲಿ ಕಟ್ಟಿಕೊಂಡಿತು. ಬಿಸಿನೀರು ಕುಡಿದಾಯಿತು, ಕಷಾಯ ಕುಡಿದಾಯಿತು. ನಮ್ಮಣ್ಣನಿಗೆ ಕ್ಷೌರದ ಅಂಗಡಿ. ಅಲ್ಲಿ ಬಂದು ಕೂತವರೆಲ್ಲ ಒಂದೊಂದು ಮದ್ದು ಹೇಳಿದರು, ಅಣ್ಣ ಅಷ್ಟನ್ನೂ ಮನೆಗೆ ಹೊತ್ತು ತಂದ. ಯಾವುದಕ್ಕೂ ಜಗ್ಗದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

"ತೆಗೆದ್ರೆ ಬದುಕ್ತೀನಾ?" ಅತ್ತಿಗೆ ಒಡೆದ ದನಿಯಲ್ಲೇ ಕೇಳಿದರು.

"ಬದುಕೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಈಗಿನ ಹಾಗೆ ಮಾತಾಡೋಕಾಗಲ್ಲ."

"ನನ್ನ ಕೆಲಸವೇ ಮಾತು, ಡಾಕ್ಟ್ರೇ."

ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ. ಅತ್ತಿಗೆ ಸೆರಗು ಸರಿಮಾಡಿಕೊಂಡು ಎದ್ದರು. "ಸರಿ, ತೆಗೀರಿ. ಆಮೇಲಿಂದು ಆಮೇಲೆ ನೋಡ್ಕೊಳ್ಳೋಣ."

ಆಪರೇಷನ್ನಿನ ಹಿಂದಿನ ದಿನ ನಮ್ಮನ್ನೆಲ್ಲ ಒಟ್ಟಿಗೆ ಕೂರಿಸಿ ಮನಸಾರೆ ಬೈದರು. ಅಣ್ಣನಿಗೆ ಅವನ ಮರೆವಿಗಾಗಿ, ನನಗೆ ನನ್ನ ಹೊಲಿಗೆ ಅಂಗಡಿಯನ್ನು ಹೊತ್ತಿಗೆ ಸರಿಯಾಗಿ ತೆರೆಯದ್ದಕ್ಕಾಗಿ. "ಬಾಕಿ ಉಳಿಸ್ಕೋಬಾರದು ನೋಡು" ಎಂದು ನಕ್ಕರು. ನಾವೂ ನಕ್ಕೆವು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅತ್ತಿಗೆಯ ಕತ್ತಿನ ಬುಡದಲ್ಲಿ ಒಂದು ರಂಧ್ರವಿತ್ತು. ಉಸಿರಾಟ ಇನ್ನು ಅದರಲ್ಲೇ. ಮೂಗು ಮುಖದಲ್ಲಿತ್ತು ಅಷ್ಟೆ. ಒಲೆಯ ಮೇಲೆ ಹಾಲು ಸೀದ ವಾಸನೆ ಮನೆಯೆಲ್ಲ ತುಂಬಿದರೂ ಅವರಿಗೆ ಬಡಿಯುತ್ತಿರಲಿಲ್ಲ. ರಂಧ್ರದೊಳಗೆ ನೀರು ಹೋಗಬಾರದು, ಧೂಳು ಹೋಗಬಾರದು ಎಂದು ನಾನು ತೆಳುವಾದ ಹತ್ತಿಬಟ್ಟೆಯ ಕತ್ತುಪಟ್ಟಿಗಳನ್ನು ಹೊಲಿದುಕೊಟ್ಟೆ. ಬಿಳಿಯದು ಬೇಡವೆಂದು ಬಣ್ಣಬಣ್ಣದ ತುಂಡುಗಳನ್ನು ತಾವೇ ಆರಿಸಿಕೊಂಡರು.

ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಅಣ್ಣ ಒಂದು ಸಲ "ಇಷ್ಟು ವರ್ಷಕ್ಕೆ ಮನೇಲಿ ನನ್ನ ಮಾತಿಗೂ ಒಂದು ಬೆಲೆ ಬಂತಪ್ಪ" ಎಂದು ತಮಾಷೆ ಮಾಡಲು ಹೋಗಿ ಸ್ಲೇಟಿನಿಂದಲೇ ಪೆಟ್ಟು ತಿಂದ. ಮಧ್ಯಾಹ್ನ ನಾನು ಅವನ ಅಂಗಡಿಗೆ ಹೋದರೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಟವೆಲಿನಿಂದ ಮುಖ ಮುಚ್ಚಿಕೊಂಡು ಕೂತಿದ್ದ. ನಾನು ಬಂದದ್ದು ತಿಳಿಯದ ಹಾಗೆ ಹಿಂದಕ್ಕೆ ಬಂದೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರೊಬ್ಬರಿದ್ದರು. ಅವರು ಎರಡು ದಾರಿ ಹೇಳಿದರು. ಒಂದು, ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ. ಇನ್ನೊಂದು, ಗಾಳಿಯನ್ನು ಅನ್ನನಾಳಕ್ಕೆ ನುಂಗಿ, ತೇಗಿನ ಹಾಗೆ ಮೇಲಕ್ಕೆ ತಂದು, ಅದನ್ನೇ ಮಾತಾಗಿ ತಿದ್ದುವುದು. "ಎರಡನೇದು ಕಷ್ಟ. ಎಲ್ಲರಿಗೂ ಬರಲ್ಲ" ಎಂದರು. ಯಂತ್ರವನ್ನು ಹಿಡಿದು ನೋಡಿದ ಅತ್ತಿಗೆ ಸ್ಲೇಟಿನ ಮೇಲೆ ಬರೆದರು: 'ಕೋಟೆಯಲ್ಲಿ ನನಗೆ ಎರಡೂ ಕೈ ಬೇಕು.'

ಆಮೇಲೆ ಮನೆಯಲ್ಲಿ ತೇಗಿನದೇ ಕಾರುಬಾರು. ಬೆಳಗ್ಗೆ ಎದ್ದರೆ ತೇಗು, ಪಾತ್ರೆ ತೊಳೆಯುವಾಗ ತೇಗು. ಹೊಟ್ಟೆ ಉಬ್ಬರಿಸಿ ಊಟ ಸೇರದ ದಿನಗಳಿದ್ದವು. ತಿಂಗಳುಗಟ್ಟಲೆ ಬಂದದ್ದು ಬರೀ ಗಾಳಿ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನಗೆ ಒಳಗಿನಿಂದ ಯಾರೋ ಅಪರಿಚಿತ ಗಂಡಸು ಮಾತಾಡಿದಂತೆ ಕೇಳಿಸಿತು. ಓಡಿಬಂದರೆ ಅಣ್ಣ ಅಂಗೈಯಲ್ಲಿ ಬಾಚಣಿಗೆ ಹಿಡಿದು ಕಲ್ಲಾಗಿ ನಿಂತಿದ್ದ. ಅತ್ತಿಗೆಯ ಮುಖ ಕೆಂಪಾಗಿತ್ತು.

"ಏನಂದ್ರು?" ಎಂದೆ.

"ಕತ್ತೆ ಅಂದ್ಳು ಕಣೇ" ಎಂದ ಅಣ್ಣ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. "ನನ್ನನ್ನೇ ನೋಡಿ, ಸ್ಪಷ್ಟವಾಗಿ ಕತ್ತೆ ಅಂದ್ಳು!"

ಒಂದೊಂದೇ ಮಾತು ಕೂಡಿ ವಾಕ್ಯವಾಗುವ ಹೊತ್ತಿಗೆ ಮತ್ತೊಂದು ಬೇಸಿಗೆ ಕಳೆದಿತ್ತು. ದನಿ ಗೊಗ್ಗರು, ತಗ್ಗು. ನಾಲ್ಕೈದು ಪದಕ್ಕೊಮ್ಮೆ ನಿಂತು ಮತ್ತೆ ಗಾಳಿ ತುಂಬಿಕೊಳ್ಳಬೇಕು. ಅಷ್ಟಾದದ್ದೇ ತಡ, ಅತ್ತಿಗೆ ಕೆಲಸದ ಸೀರೆ ಉಟ್ಟು, ನೀಲಿ ಕತ್ತುಪಟ್ಟಿ ಕಟ್ಟಿಕೊಂಡು ಕೋಟೆಯ ಕಚೇರಿಗೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು.

ಕೋಟೆಯ ಮ್ಯಾನೇಜರು ಒಳ್ಳೆಯ ಮನುಷ್ಯ. ಎದ್ದು ನಿಂತು ಕುರ್ಚಿ ಕೊಟ್ಟರು. "ನಿಮಗೆ ಅಂತ ಟಿಕೆಟ್ ಕೊಡೋ ಜಾಗ ಇಟ್ಟಿದೀನಿ ಅಮ್ಮ. ನೆರಳು, ಫ್ಯಾನು, ಮಾತಾಡೋ ಕಷ್ಟ ಇಲ್ಲ."

"ಕಷ್ಟ ನನಗೆ ಇರಲಿ" ಎಂದರು ಅತ್ತಿಗೆ. ಗಾಳಿ ತುಂಬಿಕೊಂಡು, "ನನ್ನ ಗುಂಪು ಕೊಡಿ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಅತ್ತಿಗೆಯ ಮುಖ ನೋಡಿದೆ. ಕೊನೆಗೆ, ಒಂದು ಗುಂಪನ್ನು ಕರೆದುಕೊಂಡು ಹೋಗಲಿ, ಗುಂಪಿನವರು ಒಪ್ಪಿದರೆ ಸರಿ ಎಂಬಲ್ಲಿಗೆ ಮಾತು ನಿಂತಿತು.

ಆ ಮೊದಲ ಸುತ್ತು ಪೂರ್ತಿ ಕೆಟ್ಟಿತು. ಅತ್ತಿಗೆ ತಮ್ಮ ಹಳೆಯ ದಾರಿಯಲ್ಲೇ ಎಲ್ಲರನ್ನೂ ನೇರ ದೊಡ್ಡ ಬುರುಜಿಗೆ ಹತ್ತಿಸಿದರು. ಮೆಟ್ಟಿಲೇರಿ ಉಸಿರು ಮೇಲೆ ಕೆಳಗಾಯಿತು. ಬುರುಜಿನಲ್ಲಿ ಗಾಳಿ ಹುಯ್ಯೆನ್ನುತ್ತಿತ್ತು. ಮುತ್ತಿಗೆಯ ಕಥೆ ಶುರುಮಾಡಿದರೆ ಹತ್ತಿರ ನಿಂತ ನನಗೇ ಅರ್ಧ ಕೇಳಿಸಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. ಕನ್ನಡಕದ ಗಂಡಸೊಬ್ಬ ಕೆಳಗಿಳಿದು ಹೋಗಿ, "ಅವರು ಹೇಳೋದೊಂದೂ ಕೇಳಿಸ್ತಿಲ್ಲ, ಬೇರೆಯವರನ್ನ ಕೊಡಿ" ಎಂದು ಕಚೇರಿಯಲ್ಲಿ ಕೇಳಿದ. ಅವನು ಕೆಟ್ಟದಾಗಿ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದ.

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ನನ್ನನ್ನು ಹಿಂದೆ ಬಿಟ್ಟು ಮುಂದೆ ಮುಂದೆ ನಡೆದರು. ನಾನೇ ತಡೆಯಲಾರದೆ, "ಟಿಕೆಟ್ ಜಾಗವೂ ಕೋಟೆ ಒಳಗೇ ಅಲ್ವಾ ಅತ್ತಿಗೆ?" ಎಂದೆ. ಅವರು ನಿಂತು ನನ್ನನ್ನು ನೋಡಿದ ನೋಟಕ್ಕೆ ಸ್ಲೇಟಿನ ಪೆಟ್ಟೇ ವಾಸಿಯಿತ್ತು.

"ನಾಳೆ ನಿನಗೆ ರಜೆ ತಾನೇ? ಬಾ."

ಮರುದಿನ ಬೆಳಗ್ಗೆ, ಜನ ಬರುವ ಮೊದಲೇ, ನಾವಿಬ್ಬರೂ ಕೋಟೆಯಲ್ಲಿದ್ದೆವು. ನನ್ನ ಕೆಲಸ ಇಷ್ಟೇ: ಅವರು ಒಂದು ಜಾಗದಲ್ಲಿ ನಿಂತು ಮಾತಾಡುತ್ತಾರೆ, ನಾನು ಹಿಂದೆ ಹಿಂದೆ ಸರಿಯುತ್ತಾ ಹೋಗಬೇಕು, ಮಾತು ಕೇಳಿಸದಾದ ಕೂಡಲೆ ಕೈ ಎತ್ತಬೇಕು. ಹೆಬ್ಬಾಗಿಲಲ್ಲಿ ಬೇಗ ಕೈ ಎತ್ತಿದೆ. ತೋಪಿನ ಕಿಂಡಿಗಳ ಪಕ್ಕದಲ್ಲಿ ನಿಂತಲ್ಲೇ ಎತ್ತಿದೆ, ಕಿಂಡಿಯಿಂದ ಗಾಳಿ ನುಗ್ಗುತ್ತಿತ್ತು. ಬಾವಿಯ ಕಟ್ಟೆಯಲ್ಲಿ ಪರವಾಗಿರಲಿಲ್ಲ. ಬಿಸಿಲೇರಿತು. ನನಗೆ ಕಾಲು ಸೋತು ಬಂದಿತ್ತು. ಅತ್ತಿಗೆಗೆ ಗಾಳಿ ನುಂಗಿ ನುಂಗಿ ಹೊಟ್ಟೆ ಹಿಡಿದುಕೊಂಡಿತ್ತು. ಬಾವಿಯ ಕಟ್ಟೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದವರು, "ಮುಂದೆ" ಎಂದು ಎದ್ದರು.

ಮುಂದಿದ್ದದ್ದು ಮದ್ದಿನ ಮನೆ. ಹಿಂದೆ ಕೋವಿಮದ್ದು ಇಡುತ್ತಿದ್ದ ಕೋಣೆ ಅದು. ದಪ್ಪ ಗೋಡೆ, ಕಮಾನಿನ ಚಾವಣಿ, ಒಂದೇ ಬಾಗಿಲು. ಮೊದಲೆಲ್ಲ ಅತ್ತಿಗೆ ಅದನ್ನು ಹೊರಗಿನಿಂದಲೇ ಬೆರಳು ಮಾಡಿ ತೋರಿಸಿ ಮುಂದೆ ಹೋಗುತ್ತಿದ್ದರು, ಅವರ ಆಗಿನ ದನಿಗೆ ಒಳಗೆ ಕಿವಿ ಗಡಚಿಕ್ಕುತ್ತಿತ್ತು. ಈಗ ಒಳಗೆ ಹೋಗಿ ನಿಂತು ಮಾತು ಶುರುಮಾಡಿದರು. ನಾನು ಹಿಂದೆ ಸರಿದೆ. ಇನ್ನೂ ಸರಿದೆ. ಬೆನ್ನು ಕೊನೆಯ ಗೋಡೆಗೆ ತಾಗಿತು. ಕೈ ಎತ್ತಲಿಲ್ಲ. ಆ ಗೊಗ್ಗರು ದನಿ ಚಾವಣಿಯಿಂದ ಇಳಿದು ನನ್ನ ಭುಜದ ಪಕ್ಕದಲ್ಲೇ ನಿಂತು ಹೇಳಿದ ಹಾಗಿತ್ತು.

"ಕೇಳಿಸ್ತಾ?"

"ಎಲ್ಲಾ ಕೇಳಿಸ್ತು ಅತ್ತಿಗೆ!"

ಅವರು ಗೋಡೆಯನ್ನು ಅಂಗೈಯಿಂದ ತಟ್ಟಿದರು.

ಅಲ್ಲಿಂದ ದಾರಿಯೇ ಬದಲಾಯಿತು. ಬುರುಜಿಗೆ ಹತ್ತುವ ಮೊದಲು ಮದ್ದಿನ ಮನೆಯಲ್ಲಿ ಇಡೀ ಮುತ್ತಿಗೆಯ ಕಥೆ. ಅದನ್ನು ತಲೆಯಲ್ಲಿ ತುಂಬಿಕೊಂಡ ಜನ ಬುರುಜಿನ ಮೇಲೆ ಸುಮ್ಮನೆ ಸಮುದ್ರ ನೋಡಿದರೆ ಸಾಕು. ದೀಪಸ್ತಂಭದ ಮಾತು ಅದರ ಮೆಟ್ಟಿಲ ಬುಡದ ಒಳಕೋಣೆಯಲ್ಲಿ, ಹಡಗುಗಳ ಮಾತು ಉಗ್ರಾಣದ ಒಳಗೆ. ಕಪ್ಪು ಕಲ್ಲುಗಳ ದಂಡೆಯಲ್ಲಿ ಮಾತೇ ಇಲ್ಲ, ಅಲೆ ಹಾರಿದರೆ ಕತ್ತಿಗೆ ಅಪಾಯವಾದ್ದರಿಂದ ಅತ್ತಿಗೆ ಮೇಲೆಯೇ ನಿಂತು ಜನರನ್ನು ಕೆಳಗೆ ಕಳಿಸುವುದು. ಗುಂಪೂ ಸಣ್ಣದಾಗಿರಬೇಕು. ಇಷ್ಟನ್ನೂ ಮ್ಯಾನೇಜರ ಮುಂದೆ ಹೇಳಿ ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮ್ಯಾನೇಜರು ಮಧ್ಯೆ ಬಾಯಿ ಹಾಕಲಿಲ್ಲ. "ಇನ್ನೊಂದು ಸಲ ನೋಡೋಣ" ಎಂದರು.

ಎರಡನೆಯ ಗುಂಪಿನಲ್ಲಿ ಒಂದು ದೊಡ್ಡ ಕುಟುಂಬವಿತ್ತು. ಅವರ ಜೊತೆ ಊರುಗೋಲಿನ ಅಜ್ಜಿ. ಮದ್ದಿನ ಮನೆಯಲ್ಲಿ ಅತ್ತಿಗೆ ಬಾಯಿ ತೆರೆದದ್ದೇ ಅಜ್ಜಿ ಕೇಳಿಬಿಟ್ಟರು: "ಏನಮ್ಮಾ, ನೆಗಡಿಯಾ?"

ಸೊಸೆ ಅಜ್ಜಿಯ ಕೈ ಚಿವುಟಿದಳು. ಅತ್ತಿಗೆ ಕತ್ತುಪಟ್ಟಿಯನ್ನು ಮುಟ್ಟಿ ತೋರಿಸಿದರು. "ನೆಗಡಿ ಅಲ್ಲ ಅಜ್ಜಿ. ಧ್ವನಿಪೆಟ್ಟಿಗೆ ತೆಗೆದುಬಿಟ್ಟಿದಾರೆ. ಹೊಟ್ಟೆಯಿಂದ ಮಾತಾಡ್ತಿದೀನಿ."

"ಹಾಗಾದ್ರೆ ನಿಧಾನಕ್ಕೆ ಹೇಳು ತಾಯಿ. ನಮಗೇನು ಬಸ್ಸು ತಪ್ಪಲ್ಲ" ಎಂದು ಅಜ್ಜಿ ಕಲ್ಲಿನ ಮೇಲೆ ಕೂತೇಬಿಟ್ಟರು. ಉಳಿದವರೂ ಹತ್ತಿರಕ್ಕೆ ಸರಿದು ಕೂತರು.

ಅತ್ತಿಗೆ ಹೇಳಿದರು. ಶತ್ರುಗಳ ಹಡಗುಗಳು ಸುತ್ತುವರಿದಾಗ ಕೋಟೆಯೊಳಗೆ ಬೆರಳೆಣಿಕೆಯ ಸಿಪಾಯಿಗಳು ಉಳಿದಿದ್ದರಂತೆ. ಅವರ ಹೆಂಡಂದಿರು ಇದ್ದಬದ್ದ ಅಂಗಿಗಳನ್ನೆಲ್ಲ ಒಗೆದು, ಕೋಟೆಯ ಗೋಡೆಯುದ್ದಕ್ಕೂ ಒಣಹಾಕಿದರಂತೆ. ದಿನವೂ ಅವನ್ನೇ ಜಾಗ ಬದಲಿಸಿ ಹರವಿದರಂತೆ. ಇಷ್ಟು ಅಂಗಿ ತೊಡುವ ದಂಡು ಎಷ್ಟು ದೊಡ್ಡದಿರಬೇಕು ಎಂದು ದೂರದಿಂದ ನೋಡಿದ ಹಡಗುಗಳು ತಿರುಗಿ ಹೋದವಂತೆ. ನಾಲ್ಕು ಪದ, ಒಂದು ನಿಲುಗಡೆ, ಮತ್ತೆ ನಾಲ್ಕು ಪದ. ಆ ನಿಲುಗಡೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಹಡಗು ತಿರುಗಿತೋ ಇಲ್ಲವೋ ಎಂಬಲ್ಲಿ ಅತ್ತಿಗೆ ಗಾಳಿ ತುಂಬಿಕೊಳ್ಳಲು ನಿಂತರೆ, ಅಜ್ಜಿ "ಹೂಂ, ಆಮೇಲೆ?" ಎಂದು ಊರುಗೋಲು ಕುಟ್ಟಿದರು. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಮ್ಯಾನೇಜರು ನನ್ನ ಕಡೆ ತಿರುಗಿ ಒಪ್ಪಿದೆ ಎಂಬಂತೆ ತಲೆಯಾಡಿಸಿ ಹೊರಟುಹೋದರು.

ಇದೆಲ್ಲ ಆಗಿ ವರ್ಷಗಳಾದವು. ಬಸ್ಸುಗಟ್ಟಲೆ ಬರುವ ದೊಡ್ಡ ಗುಂಪುಗಳನ್ನು ಈಗ ಬೇರೊಬ್ಬ ಗೈಡ್ ಮೈಕು ಹಿಡಿದು ಸುತ್ತಿಸುತ್ತಾನೆ. ಅವು ಕೈತಪ್ಪಿದ ಬೇಸರ ಅತ್ತಿಗೆಗೆ ಇಲ್ಲವೆಂದರೆ ಸುಳ್ಳಾಗುತ್ತದೆ. ಅವನ ಗುಂಪು ಬುರುಜಿನ ಮೇಲೆ ಗದ್ದಲ ಮಾಡುವಾಗ ಒಮ್ಮೊಮ್ಮೆ ಕತ್ತೆತ್ತಿ ನೋಡುತ್ತಾರೆ. ಜೋರು ಮಳೆಗಾಲದಲ್ಲಿ ಉಸಿರು ಕಟ್ಟಿ ಮನೆಯಲ್ಲೇ ಉಳಿಯುವ ದಿನಗಳೂ ಇವೆ. ಆದರೆ ಸಣ್ಣ ಗುಂಪುಗಳಲ್ಲಿ ಬರುವವರು ಈಗ ಕಚೇರಿಯಲ್ಲಿ "ಆ ಕತ್ತುಪಟ್ಟಿ ಅಮ್ಮ ಇದಾರಾ?" ಎಂದು ವಿಚಾರಿಸುತ್ತಾರೆ. ಆಪರೇಷನ್ ಆದವರನ್ನು ಮಾತಿನ ಟೀಚರು ಕೋಟೆಗೇ ಕಳಿಸುತ್ತಾರೆ. ಹಾಗೆ ಕಳೆದ ತಿಂಗಳು ಬಂದಿದ್ದ ಬಸ್ ಕಂಡಕ್ಟರೊಬ್ಬರು ಮದ್ದಿನ ಮನೆಯ ಮೂಲೆಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಕಥೆ ಪೂರ್ತಿ ಕೇಳಿ, ಎಲ್ಲರೂ ಹೊರಗೆ ಹೋದ ಮೇಲೂ ಅಲ್ಲೇ ಕೂತಿದ್ದರು. ಅತ್ತಿಗೆ ಅವರ ಪಕ್ಕ ಕೂತು, ಗಾಳಿ ನುಂಗುವುದು ಹೇಗೆಂದು ಮೊದಲಿನಿಂದ ತೋರಿಸಿದರು.

ಆ ಕಂಡಕ್ಟರು ನೆಲದ ಮೇಲೆ ಕೂತು ಏಳಲು ಪಟ್ಟ ಪಾಡು ನೋಡಿ, ಅತ್ತಿಗೆ ಮರುದಿನವೇ ಮ್ಯಾನೇಜರ ಮೇಜಿನ ಮುಂದೆ ನಿಂತರು. ಮದ್ದಿನ ಮನೆಗೆ ಬೆಂಚು ಬೇಕು.

"ಹಳೇ ಕಟ್ಟಡದೊಳಗೆ ಏನೂ ಇಡೋ ಹಾಗಿಲ್ಲ ಅಮ್ಮ, ನಿಯಮ ಇದೆ."

"ಗೋಡೆಗೆ ತಾಗಿಸಲ್ಲ. ಮೊಳೆ ಹೊಡೆಯಲ್ಲ. ಸಂಜೆ ಎತ್ತಿಡ್ತೀವಿ."

"ಮೇಲಿನವರನ್ನ ಕೇಳಬೇಕು."

"ಕೇಳಿ. ನಾನು ಇಲ್ಲೇ ಇರ್ತೀನಿ."

ಹೇಳಿದಂತೆ ಅಲ್ಲೇ ನಿಂತರು. ಮ್ಯಾನೇಜರು ಫೋನು ಎತ್ತಲೇಬೇಕಾಯಿತು. ಈಗ ಮದ್ದಿನ ಮನೆಯಲ್ಲಿ ಒಂದು ಮರದ ಬೆಂಚು ಬಂದಿದೆ. ಇನ್ನೊಂದಕ್ಕಾಗಿ ಅತ್ತಿಗೆ ನಿನ್ನೆ ಮತ್ತೆ ಕಚೇರಿಗೆ ಹೋಗಿ ಬಂದಿದ್ದಾರೆ.