ಹಳೇ ಕಾರಿಗೆ ಜ್ವರದ ಮುಳ್ಳು

ಗಡಿಯಾರದ ಮಾಮನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಒಳಗೆ ಗೋಡೆಯ ಮೇಲೆ ಮೂವತ್ತೊಂದು ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತ ತೂಗಾಡುತ್ತಿರುತ್ತವೆ. ಅದರಲ್ಲಿ ಒಂದು ತಪ್ಪಿದರೂ ಮಾಮನಿಗೆ ಊಟ ಸೇರುವುದಿಲ್ಲ. ಹಿಂದೆ ಬಿದ್ದ ಗಡಿಯಾರವನ್ನು ಯಾರಾದರೂ ತಂದುಕೊಟ್ಟರೆ, ಅದರ ಬೆನ್ನು ಬಿಚ್ಚುವ ಮೊದಲೇ ಮುಳ್ಳನ್ನು ಸರಿಯಾದ ಹೊತ್ತಿಗೆ ತಿರುಗಿಸಿಬಿಡುತ್ತಾರೆ. "ಮೊದ್ಲು ಮುಖ ತೊಳೀಬೇಕು, ಆಮೇಲೆ ಹೊಟ್ಟೆ ನೋಡ್ಬೇಕು" ಅನ್ನುವುದು ಅವರ ಪದ್ಧತಿ. ನಲವತ್ತು ವರ್ಷ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದದ್ದು ಕಾರಿನ ವಿಷಯದಲ್ಲಿ.

ಮಾಮನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ನರ್ಸಮ್ಮ. ಹಣೆ ಮುಟ್ಟಿ ಜ್ವರ ಹೇಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಮಾಮ ತಮ್ಮ ಹಳೇ ಕಾರಿಗೆ ಮಾಡುತ್ತಿದ್ದುದು ಅದನ್ನೇ. ಇಂಜಿನ್ನಿನ ಬಿಸಿ ತೋರಿಸುವ ಮೀಟರು ಯಾವ ಕಾಲದಲ್ಲೋ ಕಣ್ಣು ಮುಚ್ಚಿತ್ತು. ಮಾಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಒಂದು ಕ್ಷಣ ಧ್ಯಾನ ಮಾಡಿ, "ಏನಿಲ್ಲ, ತಣ್ಣಗಿದೆ" ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಹಾಗೆ ಅಂದ ಐದೇ ನಿಮಿಷಕ್ಕೆ, ನರ್ಸಮ್ಮನ ತಂಗಿಯ ಮನೆಗೆ ಹೋಗುವ ಏರಿನಲ್ಲಿ, ಕಾರು ಬುಸ್ಸೆಂದು ಹೊಗೆ ಬಿಟ್ಟು ರಸ್ತೆಯ ನಟ್ಟನಡುವೆ ಕೂತುಬಿಟ್ಟಿತು. ತಂಗಿಯ ಬೀಗರು ತಮ್ಮ ಗಾಡಿಯಲ್ಲಿ ಪಕ್ಕದಲ್ಲೇ ಹಾದುಹೋಗುತ್ತ, ನಗುತ್ತ ಕೈ ಬೀಸಿದರು. ನರ್ಸಮ್ಮ ಚೀಲ ತೆಗೆದುಕೊಂಡು ಕೆಳಗಿಳಿದರು.

"ಅಳತೆ ಇಲ್ಲದ ಗಾಡೀಲಿ ಇನ್ಮೇಲೆ ನಾನು ಕೂರಲ್ಲ. ಕೂತ್ರೆ ಕೇಳಿ" ಎಂದು ಹೇಳಿ, ಹಿಂದೆ ಬಂದ ಬಸ್ಸು ಹತ್ತಿದರು.

ಅಂದಿನಿಂದ ಪ್ರತಿ ಭಾನುವಾರ ತಂಗಿಯ ಮನೆಗೆ ಹೊರಟರೆ, ಒಂದೇ ಮನೆಯಿಂದ ಒಂದೇ ಮನೆಗೆ ಗಂಡ ಕಾರಿನಲ್ಲಿ, ಹೆಂಡತಿ ಬಸ್ಸಿನಲ್ಲಿ. ಪಕ್ಕದ ಸೀಟು ಖಾಲಿ. ಮೊದಲೆರಡು ವಾರ ಮಾಮನಿಗೆ ಆರಾಮ ಅನ್ನಿಸಿತು. ಆಮೇಲೆ ಬೇಸರ ಹತ್ತಿತು. "ನಿಧಾನ", "ಹಾರನ್ ಮಾಡಿ", "ಆ ಸೈಕಲ್ಲಿನವನನ್ನ ನೋಡ್ರೀ" ಅನ್ನುವವರಿಲ್ಲದೆ ರಸ್ತೆ ಉಪ್ಪಿಲ್ಲದ ಸಾರಿನಂತಾಯಿತು. ಬಾಯಿಬಿಟ್ಟು ಕರೆಯಲು ಮಾಮನಿಗೆ ಮುಖವಿಲ್ಲ. ಕೊನೆಗೆ ಒಂದು ದಿನ ಮೆಕ್ಯಾನಿಕ್ ಬಳಿ ಹೋಗಿ, "ನಮ್ಮ ಗಾಡಿಗೆ ಬಿಸಿ ತೋರಿಸೋ ಮುಳ್ಳು ಬೇಕಪ್ಪ. ನಿಜವಾಗ್ಲೂ ತೋರಿಸೋದು" ಅಂದರು.

ಹಳೆಯ ಮೀಟರು ರಿಪೇರಿಯಾಗುವಂತಿರಲಿಲ್ಲ. ಮೆಕ್ಯಾನಿಕ್ ಅಂಗೈಯಗಲದ ದುಂಡು ಮೀಟರು ಕೊಟ್ಟ. ಜೊತೆಗೆ ಬೆರಳುದ್ದದ ಸೆನ್ಸರ್, ಒಂದು ಹಿತ್ತಾಳೆಯ ಕೊಳವೆ. ಇಂಜಿನ್ನಿನ ಬಿಸಿನೀರು ಹೋಗುವ ರಬ್ಬರ್ ಪೈಪನ್ನು ಕತ್ತರಿಸಿ ನಡುವೆ ಕೊಳವೆ ಕೂರಿಸಬೇಕು, ಅದರೊಳಕ್ಕೆ ಸೆನ್ಸರ್ ತಿರುಗಿಸಬೇಕು.

"ಎರಡೂ ಕಡೆ ರಬ್ಬರ್ ಇರುತ್ತಲ್ಲ ಮಾಮ, ಅದಕ್ಕೆ ಕೊಳವೆಯಿಂದ ಒಂದು ಅರ್ಥ್ ವೈರ್ ಬೇರೆ ಎಳೀಬೇಕು. ಅದರ ತುದಿ ಬರೀ ಲೋಹಕ್ಕೆ ತಾಗ್ಬೇಕು, ಮರೀಬೇಡಿ."

"ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಕೂರಿಸೋನು ನಾನು. ನನಗೇ ಪಾಠ ಹೇಳ್ತೀಯಲ್ಲೋ!"

ಮಾಮ ಮೂರು ಸಂಜೆ ಕೂತು ಎಲ್ಲ ಜೋಡಿಸಿದರು. ಒಂದು ತೊಟ್ಟು ನೀರು ಸೋರಲಿಲ್ಲ. ಕೀಲಿ ತಿರುಗಿಸಿದರೆ ಮುಳ್ಳು ಮೀಟರಿನ ಮೊದಲ ಗೆರೆಯಾದ ನಲವತ್ತರಿಂದ ಮೆಲ್ಲಗೆ ಮೇಲೇಳುವುದನ್ನು ಕಂಡು ಅವರ ಮೀಸೆಯೂ ಮೇಲೆದ್ದಿತು. ಆದರೆ ಇಂಜಿನ್ ಚೆನ್ನಾಗಿ ಕಾದ ಮೇಲೂ ಮುಳ್ಳು ಅರವತ್ತೈದು ದಾಟಲಿಲ್ಲ. ಆರೋಗ್ಯವಂತ ಇಂಜಿನ್ನು ಎಂಬತ್ತೈದು ತೋರಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ಮಾಮ ಹತ್ತು ನಿಮಿಷ ಕಾದರು. ಆಮೇಲೆ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಗಾಜು ಬಿಚ್ಚಿ, ಚಿಮುಟದಲ್ಲಿ ಮುಳ್ಳನ್ನು ಎತ್ತಿ, ಎಂಬತ್ತೈದರ ಮೇಲೆ ಕೂರಿಸಿ, ಗಾಜು ಮುಚ್ಚಿದರು. ಮುಖ ತೊಳೆದಾಯಿತು!

ಭಾನುವಾರ ಬೆಳಗ್ಗೆ ನರ್ಸಮ್ಮನನ್ನು ಕರೆದು ಬಾಗಿಲು ತೆರೆದು ನಿಂತರು. ನರ್ಸಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಗಾಡಿ ನಿನ್ನೆ ಮಧ್ಯಾಹ್ನದಿಂದ ಹೊರಗೆ ಹೋಗಿಲ್ಲ ತಾನೆ?"

"ಇಲ್ಲ."

"ಕೀಲಿ ಎಲ್ಲಿ?"

"ನನ್ನ ಜೇಬಲ್ಲಿ. ಯಾಕೆ?"

"ಪೇಷಂಟ್ ಇನ್ನೂ ಎದ್ದೇ ಇಲ್ಲ, ಆಗ್ಲೇ ಅರವತ್ತು ಡಿಗ್ರಿ ಅಂತ ತೋರಿಸ್ತಿದೆ! ಹೆಣಕ್ಕೂ ಜ್ವರ ಇದೆ ಅನ್ನೋ ಮೀಟರ್ ಎಲ್ಲಿ ಸಿಕ್ತು ನಿಮಗೆ? ಮುಳ್ಳಿಗೆ ಏನ್ ಮಾಡಿದ್ರಿ?"

ಮಾಮ ಬೂಟಿನ ತುದಿ ನೋಡಿಕೊಂಡರು. "ಸ್ವಲ್ಪ ಸರಿ ಮಾಡ್ದೆ."

"ಅಳೀದೆ ಚಾರ್ಟ್ ಬರೆದವರನ್ನ ನಾನು ನಿಂತ ಕಾಲಲ್ಲೇ ವಾರ್ಡಿನಿಂದ ಆಚೆ ಕಳಿಸಿದೀನಿ ಗೊತ್ತಾ? ಗಂಡ ಅಂತ ಬಿಡ್ತಾ ಇದೀನಿ."

ಬಿಟ್ಟದ್ದು ಅಷ್ಟೇ. ಚೀಲ ಹೆಗಲಿಗೇರಿಸಿ ಬಸ್ಸಿಗೆ ನಡೆದರು. ಆ ದಿನ ಮಾಮ ಅವರ ಹಿಂದೆ ಹೊರಡಲಿಲ್ಲ. ಕಾರಿನಲ್ಲಿ ಖಾಲಿ ಸೀಟಿನ ಪಕ್ಕ ಕೂತರು. ಇನ್ನೊಂದು ಸಲ ಕರೆದರೆ ಬರುವ ಪೈಕಿಯಲ್ಲ ಆಕೆ. ಈ ಸಲ ಕೆಟ್ಟಿದ್ದು ಕಾರಲ್ಲ, ತಮ್ಮ ಮಾತಿನ ಮೇಲಿನ ನಂಬಿಕೆ ಎಂದು ಅವರಿಗೆ ಚೆನ್ನಾಗಿ ಗೊತ್ತಾಯಿತು. ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದರು.

"ತಪ್ಪಾಯ್ತು ಕಣೇ. ಮುಳ್ಳನ್ನ ಮೊದಲಿದ್ದ ಜಾಗಕ್ಕೇ ತಂದಿಟ್ಟಿದೀನಿ. ಇನ್ನು ಅದನ್ನ ನಾನು ಮುಟ್ಟಲ್ಲ. ನೀನೇ ಅಳತೆ ಮಾಡಿಸು."

ನರ್ಸಮ್ಮ ಗಂಡನ ಬಾಯಿಂದ ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ, ಒಂದು ಗಳಿಗೆ ಚಪ್ಪಲಿ ಕೈಯಲ್ಲೇ ಉಳಿಯಿತು.

ಶನಿವಾರ ಕಾರನ್ನು ಅಡುಗೆಮನೆಯ ಕಿಟಕಿಗೆ ತಾಗಿಸಿ ನಿಲ್ಲಿಸಿದರು. ಸೆನ್ಸರನ್ನು ಕೊಳವೆಯ ಸಮೇತ ಬಿಚ್ಚಿ, ಉದ್ದನೆಯ ವೈರುಗಳನ್ನು ಕಿಟಕಿಯೊಳಕ್ಕೆ ಎಳೆದರು. ಅರ್ಥ್ ವೈರನ್ನು ಈ ಸಲ ನೇರ ಬ್ಯಾಟರಿಗೇ ಕಟ್ಟಿದರು. ಸೆನ್ಸರ್ ಒಲೆಯ ಮೇಲಿನ ಪಾತ್ರೆಗೆ ಇಳಿಯಿತು. ಮಾಮ ಕಪಾಟಿನಿಂದ ಥರ್ಮಾಮೀಟರ್ ತಂದರೆ ನರ್ಸಮ್ಮ ಕೈಗೊಂದು ಬಿಟ್ಟರು.

"ಇದು ಮನುಷ್ಯರದ್ದು. ಕುದಿಯೋ ನೀರಿಗೆ ಹಾಕಿದ್ರೆ ಪಟ್ ಅಂತ ಒಡೆಯುತ್ತೆ!"

ಎದುರುಮನೆಯವರು ಶಾಲೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಅವರಿಂದ ಗಾಜಿನ ಉದ್ದನೆಯ ಥರ್ಮಾಮೀಟರ್ ಬಂತು. ನರ್ಸಮ್ಮ ಒಲೆಯ ಮುಂದೆ, ಮಾಮ ಕಾರಿನೊಳಗೆ.

"ಐವತ್ತು!" ಒಳಗಿನಿಂದ.

"ಇಲ್ಲೂ ಐವತ್ತು!" ಹೊರಗಿನಿಂದ.

"ಎಪ್ಪತ್ತು!"

"ಎಪ್ಪತ್ತು, ಒಂದು ಕೂದಲು ಕಡಿಮೆ!"

"ಕೂದಲು ನಿಮ್ಮ ತಲೇಲೇ ಇಲ್ಲ, ಮೀಟರಲ್ಲಿ ಎಲ್ಲಿಂದ ಬಂತು? ನಂಬರ್ ಹೇಳ್ರೀ!"

"ಅರವತ್ತೊಂಬತ್ತು!"

ಮಹಡಿಯ ಮನೆಯಾಕೆ ಬಗ್ಗಿ, "ಏನ್ ನರ್ಸಮ್ಮ, ಹರಾಜು ಹಾಕ್ತಿದೀರಾ?" ಎಂದು ಕೂಗಿದರು.

"ಇಲ್ಲಮ್ಮ, ಕಾರು ಬೇಯಿಸ್ತಿದೀವಿ!"

ನೀರು ಕುದಿಯುವವರೆಗೂ ಎರಡು ಕಡೆಯ ಲೆಕ್ಕಕ್ಕೆ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ನರ್ಸಮ್ಮ ಬರೆದುಕೊಂಡ ಚೀಟಿಯನ್ನು ಎರಡು ಸಲ ಓದಿದರು.

"ಮೀಟರ್ ಸರಿಯಾಗೇ ಇದೆ ಅಂದ್ಮೇಲೆ ಗಾಡೀಲಿ ಮಾತ್ರ ಯಾಕೆ ಕಡಿಮೆ ತೋರಿಸ್ತು? ಈ ಅರ್ಥ್ ವೈರ್‌ನ ಮೊದಲು ಎಲ್ಲಿಗೆ ಕಟ್ಟಿದ್ರಿ?"

ಮಾಮ ಬಾನೆಟ್ ಎತ್ತಿ ತೋರಿಸಿದರು. ಸ್ಕ್ರೂ ಗಟ್ಟಿಯಾಗೇ ಇತ್ತು. ಅದರ ಕೆಳಗೆ ಮೂರು ಪದರ ಹಸಿರು ಬಣ್ಣವೂ ಅಷ್ಟೇ ಗಟ್ಟಿಯಾಗಿತ್ತು. ಬಣ್ಣ ಅಡ್ಡವಾಗಿ ಕರೆಂಟು ಅರೆಬರೆ ಹರಿದು, ಮುಳ್ಳು ಕೆಳಗೇ ನಿಂತಿತ್ತು.

"ಬರೀ ಲೋಹಕ್ಕೆ ತಾಗ್ಬೇಕು ಅಂದಿದ್ನಂತಲ್ಲ ಮೆಕ್ಯಾನಿಕ್. ಈ ಬಣ್ಣ ಬಳಿದ ಮಹಾನುಭಾವರು ಯಾರು?"

ಮಹಾನುಭಾವರು ಚಾಕು ತಂದು, ಲೋಹ ಬೆಳ್ಳಗೆ ಹೊಳೆಯುವವರೆಗೆ ಬಣ್ಣ ಕೆರೆದು, ಎಲ್ಲವನ್ನೂ ಮತ್ತೆ ಜೋಡಿಸಿದರು.

ಮರುದಿನ ಇಂಜಿನ್ ಕಾದು ಮುಳ್ಳು ತಾನಾಗಿ ಎಂಬತ್ತಾರಕ್ಕೆ ಬಂದು ನಿಂತಿತು. ನರ್ಸಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ದಾರಿಯುದ್ದಕ್ಕೂ ಮಾಮ ಗಿಡಮರ ತೋರಿಸಿದರು, ಹೊಸ ಸೇತುವೆ ತೋರಿಸಿದರು. ನರ್ಸಮ್ಮ ಮೀಟರಿನಿಂದ ಕಣ್ಣು ಕೀಳಲಿಲ್ಲ.

ಏರು ಶುರುವಾಯಿತು.

"ತೊಂಬತ್ತೆರಡು" ಅಂದರು ನರ್ಸಮ್ಮ. "ತೊಂಬತ್ತೇಳು. ನೂರು. ನೂರಮೂರು. ನಿಲ್ಲಿಸ್ರೀ."

"ಆ ತಿರುವು ದಾಟಿದ್ರೆ ಮುಗೀತು ಕಣೇ. ಇನ್ನೇನು—"

ಮಾಮನ ಬಾಯಲ್ಲಿ "ಏನಾಗಲ್ಲ" ಅನ್ನುವ ಮಾತು ತುದಿಗೆ ಬಂದಿತ್ತು. ಪಕ್ಕಕ್ಕೆ ನೋಡಿದರು. ನರ್ಸಮ್ಮ ಈಗ ಮೀಟರನ್ನು ನೋಡುತ್ತಿರಲಿಲ್ಲ, ಗಂಡನ ಮುಖವನ್ನು ನೋಡುತ್ತಿದ್ದರು. ಮಾಮ ಮಾತು ನುಂಗಿ, ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು.

"ರೇಡಿಯೇಟರ್ ಮುಚ್ಚಳಕ್ಕೆ ಕೈ ಹಚ್ಚಬೇಡಿ. ತಾನಾಗೇ ಇಳೀಲಿ."

ಹತ್ತು ನಿಮಿಷ ಕಳೆಯಿತು. ಹಿಂದಿನಿಂದ ಬಂದ ಲಾರಿಯವನು ವೇಗ ಇಳಿಸಿ ತಲೆ ಹೊರಗೆ ಹಾಕಿದ.

"ಏನ್ ಯಜಮಾನ್ರೇ, ಕೆಟ್ಟೋಯ್ತಾ?"

ಮಾಮ ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ನರ್ಸಮ್ಮನ ದನಿ ಬಂತು. "ಕೆಟ್ಟಿಲ್ಲಪ್ಪ! ಕೆಡೋದಕ್ಕೆ ಮುಂಚೆ ನಾವೇ ನಿಲ್ಲಿಸಿದೀವಿ. ನಮ್ಮ ಯಜಮಾನ್ರು ಅಳತೆ ನೋಡಿ ಓಡಿಸೋರು."

ಲಾರಿಯವನು ತಲೆಯಾಡಿಸಿ ಹೋದ. ಮಾಮ ಸ್ಟೇರಿಂಗ್ ಮೇಲೆ ಇಲ್ಲದ ಧೂಳನ್ನು ಕರವಸ್ತ್ರದಲ್ಲಿ ಒರೆಸಿದರು.

"ಈಗೆಷ್ಟು?"

"ತೊಂಬತ್ತು."

"ಹೊರಡೋಣ್ವಾ?"

"ಇನ್ನೂ ನಾಲ್ಕು ಇಳೀಲಿ. ಆ ಸೇತುವೆ ಕತೆ ಏನೋ ಹೇಳ್ತಿದ್ರಲ್ಲ, ಹೇಳಿ ಅಲ್ಲೀವರೆಗೆ."